ಸೊನ್ನೆ ಬಂದ ಪಾಠಗಳು

ಎರಡನೇ ಜ್ವರಕ್ಕೆ ಕೂತ ರೇಷ್ಮೆಹುಳವನ್ನು ಯಾರೂ ಅಲ್ಲಾಡಿಸಬಾರದು. ಅವು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಕೂತಲ್ಲೇ ಕೂತಿದ್ದು, ಹಳೆಯ ತೊಗಲು ಕಳಚಿಕೊಂಡು ತಾವಾಗಿಯೇ ಏಳುತ್ತವೆ. ಅಲ್ಲಿಯವರೆಗೆ ಮೇಲೊಂದಿಷ್ಟು ಸುಣ್ಣದ ಪುಡಿ ಉದುರಿಸಿ ಸುಮ್ಮನಿರುವುದೇ ಸಾಕುವವರ ಕೆಲಸ.

ತಮಿಳುನಾಡಿಗೆ ಸೇರಿದ ಗಡಿಯ ಊರು ಪಣಕಹಳ್ಳಿಯ ರಾಚಮ್ಮನ ಹುಳದ ಮನೆಯಲ್ಲಿ ಆ ಶನಿವಾರ ಬೆಳಿಗ್ಗೆ ಸುಣ್ಣ ಉದುರಿಸುತ್ತಿದ್ದವಳು ಚಿಕ್ಕಬಸಮ್ಮ. ವರ್ಷಗಳಿಂದ ಅಲ್ಲಿ ಕೂಲಿ ಮಾಡುವವಳು. ಹುಳದ ಮನೆಯ ಮುಂದಿನ ಕೋಣೆಯಲ್ಲಿ ಮೊದಲು ಸೊಪ್ಪು ಹಾಕುತ್ತಿದ್ದರು. ಈಗ ಎರಡು ವರ್ಷದಿಂದ ಅಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಮುಂದೆ ಕೂರುವವಳು ಚಿಕ್ಕಬಸಮ್ಮನ ಕೇರಿಯವಳೇ ಆದ ಪ್ರಮೀಳಾ.

"ಪರ್ಮೀಳಾ, ಆ ಸುಣ್ಣದ ಡಬ್ಬ ಒಸಿ ಎತ್ತಿ ಕೊಟ್ಬುಟ್ಟೋಗವ್ವ" ಎಂದು ಚಿಕ್ಕಬಸಮ್ಮ ಒಳಗಿಂದ ಕೂಗಿದಳು. "ಕಾಲು ಅದ್ಕೊಂಡು ಬಾ. ಕಂಪೂಟ್ರು ಮುಟ್ಟಿದ್ ಕೈಲಿ ತಟ್ಟೆ ಮುಟ್ಬ್ಯಾಡ ಮತ್ತೆ, ನಮ್ಮುಳ ಎಲ್ಲ ಇಂಗ್ಲೀಸು ಮಾತಾಡ್ಬುಟ್ಟಾವು."

ಪ್ರಮೀಳಾ ನಕ್ಕು, ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದಳು. ಡಬ್ಬ ಎತ್ತಿ ಕೊಟ್ಟು ತಿರುಗುವಾಗ ಎದೆಮಟ್ಟದ ಸ್ಟ್ಯಾಂಡಿನಲ್ಲಿದ್ದ ತಟ್ಟೆ ಕಣ್ಣಿಗೆ ಬಿತ್ತು. ತಟ್ಟೆಗಳಿಗೆ ಯಾವಾಗಲೂ ಹಳೆಯ ತಮಿಳು ಪೇಪರು ಹಾಸುತ್ತಿದ್ದರು. ಇದರಲ್ಲಿ ಅಂಚಿಗೆ ಕಾಣುತ್ತಿದ್ದದ್ದು ಕನ್ನಡ ಅಕ್ಷರ. ಬಗ್ಗಿ ನೋಡಿದಳು. ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದ ಹಾಳೆ. ಹುಳಗಳ ನಡುವೆ ಹುರುಳಿಕಾಳಿನ ಆಕಾರದ ಒಂದು ಚಿತ್ರದ ಅರ್ಧ ಕಾಣಿಸುತ್ತಿತ್ತು. ಮೂತ್ರಪಿಂಡ.

"ಇದು ಪರಿಮಳನ ಪುಸ್ತಕ ಅಲ್ವಾ ಅತ್ತೆ?"

"ಊ ಕಣ. ಬ್ಯಾಡದ ಆಳೆ ಅಂತ ಅವ್ಳೇ ಕಿತ್ಕೊಟ್ಳು. ಒಲಕ್ಕ ಓಗುವಾಗ ಪುಸ್ತಕ ಬಾರ ಆಯ್ತದಂತ. ನಿನ್ನ ಕಂಪೂಟ್ರು ಬ್ಯಾಡ ಅಂದದಂತಲ್ಲ ಈ ಪಾಠಗಳ್ನ?"

ಚಿಕ್ಕಬಸಮ್ಮ ಸುಣ್ಣದ ಬಟ್ಟೆಯನ್ನು ತಟ್ಟುತ್ತಾ ಮುಂದಿನ ತಟ್ಟೆಗೆ ಹೋದಳು. ಪ್ರಮೀಳಾ ಅಲ್ಲೇ ನಿಂತಳು.

ಪರಿಮಳ ಚಿಕ್ಕಬಸಮ್ಮನ ಮಗಳು. ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆಯುತ್ತಿದ್ದಳು. ನಿನ್ನೆ ಶುಕ್ರವಾರ ಗಣಿತ ಮುಗಿದಿತ್ತು. ಸೋಮವಾರ ವಿಜ್ಞಾನ, ಬುಧವಾರ ಸಮಾಜ. ಪಾಸಾದರೆ ತಾಳವಾಡಿಯಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು. ಫೇಲಾದರೆ ಜೂನ್ ಮೊದಲ ವಾರದಲ್ಲಿ ಮುರುಗನ್ನನ ವ್ಯಾನು ಬರುತ್ತದೆ. ಕೆಳನಾಡಿನ ನೂಲಿನ ಮಿಲ್ಲುಗಳಿಗೆ ಹುಡುಗಿಯರನ್ನು ಸೇರಿಸುವ ಏಜೆಂಟು ಅವನು. ಸೇರಿದರೆ ಮೂರು ವರ್ಷ ಹಾಸ್ಟೆಲು. ನಡುವೆ ಬಿಟ್ಟು ಬರುವ ಹಾಗಿಲ್ಲ. "ಪಾಸಾದ್ರೆ ಓದು, ಇಲ್ಲಾಂದ್ರೆ ವ್ಯಾನು" ಎಂದು ಚಿಕ್ಕಬಸಮ್ಮ ಸಂಕ್ರಾಂತಿಯಲ್ಲೇ ಮಾತು ಕೊಟ್ಟಿದ್ದಳು. ಗಂಡನಿಲ್ಲದ ಹೆಂಗಸು, ವಯಸ್ಸಿಗೆ ಬಂದ ಹುಡುಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ದಿನಾ ಕೂಲಿಗೆ ಹೋಗಬೇಕು. ಅವಳ ಲೆಕ್ಕ ಅವಳಿಗೆ ಸರಿಯಾಗಿಯೇ ಇತ್ತು. ಪ್ರಮೀಳಾ ಜೊತೆ ಓದಿದವಳೊಬ್ಬಳು ಹಾಗೆ ಹೋಗಿ ಮೂರನೇ ವರ್ಷಕ್ಕೆ ಬಂದಿದ್ದಳು. ಈಗ ನಾಲ್ಕು ಮಾತಿಗೆ ಒಂದು ಸಲ ಕೆಮ್ಮುತ್ತಾಳೆ.

ಈ ಹಾಳೆಯಲ್ಲಿದ್ದ ಪಾಠ ಬೇಡವೆಂದು ಕಂಪ್ಯೂಟರ್ ಹೇಳಿರಲು ಸಾಧ್ಯವಿರಲಿಲ್ಲ. ಪ್ರಮೀಳಾಗೆ ಅದು ಚೆನ್ನಾಗಿ ನೆನಪಿತ್ತು. ಮೂತ್ರಪಿಂಡದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ಐದು ಅಂಕ. ಎರಡು ವರ್ಷದ ಹಿಂದಿನ ಪತ್ರಿಕೆ. ಅವಳೇ ಟೈಪು ಮಾಡಿದ್ದಳು, ಅದೂ ಎರಡು ಸಲ. ಮೊದಲ ಸಲ ಮುಗಿಯುವ ಹೊತ್ತಿಗೆ ಆನೆಯೊಂದು ಜೋಳದ ಹೊಲದಂಚಿನ ಕಂಬ ಉರುಳಿಸಿ, ಇಡೀ ಊರಿನ ಕರೆಂಟು ಹೋಗಿ, ಬರೆದದ್ದೆಲ್ಲ ಅಳಿಸಿಹೋಗಿತ್ತು.

ಅವಳು ಮುಂದಿನ ಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಹುಡುಕುವ ಜಾಗದಲ್ಲಿ ‘ಮೂತ್ರಪಿಂಡ’ ಎಂದು ಹೊಡೆದಳು. ಸೊನ್ನೆ ಎಂದಿತು.

ಆಮೇಲೆ ಪತ್ರಿಕೆಗಳ ಪಟ್ಟಿಗೆ ಹೋಗಿ, ಆ ವರ್ಷದ್ದನ್ನು ಕೈಯಿಂದಲೇ ತೆಗೆದಳು. ಮೂರನೇ ಪುಟದಲ್ಲಿ ಪ್ರಶ್ನೆ ಇತ್ತು. ಅವಳು ಟೈಪು ಮಾಡಿದ ಹಾಗೆಯೇ.

ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ ಇತ್ತು. ಅದನ್ನು ಅವಳು ಮೂರೂವರೆ ತಿಂಗಳಿಂದ ದಿನವೂ ನೋಡುತ್ತಿದ್ದಳು.

*

ತಮಿಳುನಾಡಿನಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ ಗೈಡು ಸಿಗುವುದಿಲ್ಲ. ಚಾಮರಾಜನಗರದಿಂದ ತಂದರೆ ಪಾಠ ಬೇರೆ. ಈರೋಡಿನಿಂದ ತಂದರೆ ಭಾಷೆ ಬೇರೆ. ರಾಚಮ್ಮನ ಮಗ ದೇವರಾಜು ತಾಳವಾಡಿಯಲ್ಲಿ ಮೇಷ್ಟ್ರು. ಅವನು ಒಂದು ಹಳೆಯ ಕಂಪ್ಯೂಟರನ್ನೂ ಓದಿನ ಪ್ರೋಗ್ರಾಮಿನ ಒಂದು ಸಿ.ಡಿ.ಯನ್ನೂ ತಂದು, ಎಂಟು ವರ್ಷದ ಪ್ರಶ್ನೆಪತ್ರಿಕೆಗಳನ್ನು ಕನ್ನಡದಲ್ಲಿ ಒಳಗೆ ಹಾಕಿಸಲು ಹೊರಟ. ಟೈಪು ಮಾಡಲು ಕೂಲಿಕಾರ ಶಿವಮಲ್ಲುವಿನ ಮಗಳು ಪ್ರಮೀಳಾಳನ್ನು ಕರೆದ. ಪ್ಲಸ್ ಟು ಮುಗಿಸಿ, ದಿಂಬಂ ಘಾಟಿನ ತಿರುವುಗಳನ್ನು ಆರು ತಿಂಗಳು ದಿನಾ ಇಳಿದು ಹತ್ತಿ ಸತ್ಯಮಂಗಲದಲ್ಲಿ ಕಂಪ್ಯೂಟರ್ ಕಲಿತು ಬಂದವಳು ಅವಳ ಕೇರಿಯಲ್ಲಿ ಅವಳೊಬ್ಬಳೇ. ಅವಳು ಕೂತ ಮೇಲೆಯೇ ಕೇರಿಯ ಮಕ್ಕಳು ಈ ಕೋಣೆಯ ಹೊಸಿಲು ದಾಟಲು ಶುರುಮಾಡಿದ್ದು.

ಪ್ರೋಗ್ರಾಮಿನೊಳಗೆ ಹಾಕಿದ ಪ್ರತಿ ಪತ್ರಿಕೆಯನ್ನೂ ಅದು ಹಿನ್ನೆಲೆಯಲ್ಲಿ ತಾನೇ ಓದಿಕೊಂಡು, ಯಾವ ಪದ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಮೇಷ್ಟ್ರು ಅದಕ್ಕೆ ಇಂಡೆಕ್ಸಿಂಗ್ ಎನ್ನುತ್ತಿದ್ದ. ಏನನ್ನಾದರೂ ಹುಡುಕಿದರೆ ಅದು ಪತ್ರಿಕೆಗಳನ್ನು ತೆಗೆದು ನೋಡುತ್ತಿರಲಿಲ್ಲ. ತನ್ನ ಗುರುತಿನ ಪಟ್ಟಿಯನ್ನಷ್ಟೇ ನೋಡಿ ಹೇಳುತ್ತಿತ್ತು. ಓದಿಕೊಳ್ಳುತ್ತಿರುವಾಗ ಮೂಲೆಯಲ್ಲಿ ಹಸಿರು ಚುಕ್ಕೆ ತಿರುಗುತ್ತಿರುತ್ತಿತ್ತು, ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ನಾಲ್ಕು ಅಕ್ಷರ ಒತ್ತಿದ ಮೇಲೆ ಒಂದು ಅಕ್ಷರ ಕಾಣುತ್ತಿತ್ತು. ಡಿಸೆಂಬರಿನಲ್ಲಿ ಇನ್ನೂ ಮೂರು ವರ್ಷದ ಪತ್ರಿಕೆ ಬಾಕಿ ಇದ್ದಾಗ, ದಿನಕ್ಕೆ ಎರಡು ಗಂಟೆ ಕರೆಂಟು ಕಟ್ಟು, ಮೇಲೆ ಈ ನಿಧಾನ. ಪ್ರಮೀಳಾ ರೋಸಿಹೋದಳು. ಆಗ ಮೇಷ್ಟ್ರು ಚುಕ್ಕೆಯ ಮೇಲೆ ಒತ್ತಿ ಅದನ್ನು ನಿಲ್ಲಿಸುವುದನ್ನು ತೋರಿಸಿಕೊಟ್ಟ. ಚುಕ್ಕೆ ಹಳದಿಯಾಯಿತು. ಅಕ್ಷರಗಳು ಓಡಿದವು.

"ಇದೇನ್ಲಾ, ನಿನ್ನ ಕಂಪೂಟ್ರು ಮೇವು ಬುಟ್ಟದಾ?" ಎಂದು ಅಂದು ರಾಚಮ್ಮ ಇಣುಕಿ ನೋಡಿ ಕೇಳಿದ್ದಳು.

"ಜ್ವರಕ್ಕೆ ಕೂತದೆ ಕಣವ್ವ" ಎಂದಿದ್ದ ಮಗ. ಮೂವರೂ ನಕ್ಕಿದ್ದರು.

ಪ್ರಮೀಳಾ ಆ ಮಾತನ್ನು ಹಾಗೆಯೇ ಹಿಡಿದುಕೊಂಡಳು. ಹುಟ್ಟಿದಂದಿನಿಂದ ಹುಳದ ಮನೆಗಳಲ್ಲಿ ಆಡಿದವಳು. ಜ್ವರಕ್ಕೆ ಕೂತದ್ದನ್ನು ಯಾರೂ ಎಬ್ಬಿಸಬೇಕಿಲ್ಲ, ಹೊತ್ತಿಗೆ ಅದೇ ಏಳುತ್ತದೆ. ಹಳದಿ ಚುಕ್ಕೆ ಕಂಡಾಗಲೆಲ್ಲ, ರಾತ್ರಿ ತಾನು ಹೋದ ಮೇಲೆ ಓದಿಕೊಂಡು ಬೆಳಿಗ್ಗೆ ಮತ್ತೆ ಕೂತಿರಬೇಕು ಅಂದುಕೊಂಡಳು. ರಾತ್ರಿ ಕಂಪ್ಯೂಟರನ್ನು ಆರಿಸಿ ಹೋಗುತ್ತಿದ್ದವಳು ತಾನೇ ಎಂಬುದೂ, ಚುಕ್ಕೆಯನ್ನು ಮತ್ತೆ ಒತ್ತದೆ ಓದು ಶುರುವಾಗುವುದಿಲ್ಲ ಎಂಬುದೂ ಅವಳಿಗೆ ಹೊಳೆಯಲಿಲ್ಲ. ಹಳೆಯ ಐದು ವರ್ಷದ್ದನ್ನು ಕೇಳಿದರೆ ಅದು ಸರಿಯಾಗಿಯೇ ಹೇಳುತ್ತಿತ್ತು. ಅನುಮಾನ ಬರಲು ಕಾರಣವೇ ಇರಲಿಲ್ಲ.

ಜನವರಿಯಲ್ಲಿ ಮೇಷ್ಟ್ರು ಏಳು ಮಕ್ಕಳನ್ನು ಕೂರಿಸಿಕೊಂಡು ಒಂದು ದಾರಿ ಹೇಳಿಕೊಟ್ಟಿದ್ದ. ಪಾಠದ ಹೆಸರು ಹೊಡೆಯಿರಿ. ಎಷ್ಟು ಸಲ ಪರೀಕ್ಷೆಯಲ್ಲಿ ಬಂದಿದೆ ಎಂದು ಅದು ಹೇಳುತ್ತದೆ. ಹೆಚ್ಚು ಬಂದದ್ದನ್ನು ನಾಲ್ಕು ಸಲ ಓದಿ. ಸೊನ್ನೆ ಬಂದ ಪಾಠ ಬಿಡಿ. ಬೆಳಿಗ್ಗೆ ಟೊಮೇಟೊ ಬಿಡಿಸಿ, ಸಂಜೆ ಕೋಸಿನ ಮೂಟೆ ಕಟ್ಟುವ ಮಕ್ಕಳಿಗೆ ಎಲ್ಲ ಓದಲು ಹೊತ್ತೆಲ್ಲಿ? ಮಿಕ್ಕ ಆರು ಮಂದಿ ಅಷ್ಟೋ ಇಷ್ಟೋ ಎಲ್ಲವನ್ನೂ ಮುಗಿಸಿಕೊಂಡಿದ್ದರು. ಪರಿಮಳ ಮಾತ್ರ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು.

*

ದೇವರಾಜು ತಾಳವಾಡಿಯಿಂದ ಮೊಪೆಡ್ಡಿನಲ್ಲಿ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು, ಕರೆಂಟು ಹೋಗಿತ್ತು. ಪ್ರಮೀಳಾ ಜಗಲಿಯಲ್ಲಿ ಕೂತು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು, ಒಂದೊಂದೇ ಪ್ರಶ್ನೆ ಓದಿ ಪಾಠದ ಹೆಸರಿನ ಮುಂದೆ ಗೀಟು ಹಾಕುತ್ತಿದ್ದಳು. ಹಳದಿ ಚುಕ್ಕೆಯನ್ನು ಒತ್ತಿ ಹತ್ತು ಗಂಟೆಗೇ ಎಬ್ಬಿಸಿದ್ದಳು. ಮೂವತ್ತು ಗಂಟೆ ಕೆಲಸ ಬಾಕಿ ಎಂದು ತೋರಿಸಿ, ಎರಡು ಗಂಟೆ ಉಸಿರಾಡಿ, ಕರೆಂಟಿನ ಜೊತೆ ಅದೂ ಹೋಗಿತ್ತು.

ಅವಳು ಹೇಳಿದ್ದನ್ನೆಲ್ಲ ಅವನು ಹೆಲ್ಮೆಟ್ಟು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ಆಮೇಲೆ ಮೆಟ್ಟಿಲ ಮೇಲೆ ಕೂತ.

"ವಿಜ್ಞಾನದಲ್ಲಿ ಎಷ್ಟು ಪಾಠ?"

"ನಾಲ್ಕು ಸಾರ್. ಮೂತ್ರಪಿಂಡ, ಮಸೂರ, ತ್ಯಾಜ್ಯ ನಿರ್ವಹಣೆ, ಕಾಂತ. ಕಳ್ದ ಮೂರು ವರ್ಸದಲ್ಲಿ ಈ ನಾಲ್ಕರಿಂದ್ಲೇ ಇಪ್ಪತ್ತು ಇಪ್ಪತ್ತೈದು ಮಾರ್ಕು ಬಂದದೆ."

"ಬೇರೆ ಮಕ್ಳು?"

"ಅವರು ಒಂದ್ಸಲನಾದ್ರೂ ಓದವ್ರೆ. ಪರಿಮಳ ಆಳೆನೇ ಕಿತ್ತಾಕ್ಬುಟ್ಟವ್ಳೆ."

ದೇವರಾಜು ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟ. ಅವನು ಕೆಟ್ಟವನಲ್ಲ, ಹದಿನಾರು ವರ್ಷದಿಂದ ಪರೀಕ್ಷೆಗೆ ಹೋಗುವ ಮಕ್ಕಳ ಮುಖ ನೋಡಿದವನು.

"ಪ್ರಮೀಳಾ, ನಾನೊಂದ್ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡ. ಇವತ್ತು ಶನಿವಾರ. ಈಗ ಹೋಗಿ, ನೀನು ಓದಿದ್ದೆಲ್ಲ ಸರಿಯಿಲ್ಲ, ನಾಲ್ಕು ಪಾಠ ಬಿಟ್ಟುಹೋಗಿದೆ ಅಂದ್ರೆ ಆ ಹುಡುಗಿ ಏನಾಗ್ತಾಳೆ? ಬರೋದೂ ಮರೆತುಹೋಗ್ತದೆ. ಒಂದು ದಿನದಲ್ಲಿ ನಾಲ್ಕು ಪಾಠ ತಲೆಗೆ ಹತ್ತಲ್ಲ. ಗಾಬರಿ ಮಾತ್ರ ಹತ್ತತದೆ. ಅವಳು ಓದಿರೋದ್ರಲ್ಲೇ ಮೂವತ್ತೈದು ಬರಬಹುದು. ಸುಮ್ನೆ ಬಿಡು. ಸಮಾಜಕ್ಕೆ ಬೇಕಾದ್ರೆ ಸರಿ ಮಾಡಿ ಕೊಡು, ಹೊಸ ಪಟ್ಟಿ ಬಂತು ಅಂತ."

"ಬರ್ದೇ ಓದ್ರೆ ಸಾರ್?"

"ಬರ್ದೇ ಹೋದ್ರೆ..." ಅವನು ನಿಲ್ಲಿಸಿದ. "ತಪ್ಪು ನಿಂದೊಬ್ಬಳದೇ ಅಲ್ಲ. ನಿಲ್ಲಿಸೋದನ್ನ ತೋರಿಸಿಕೊಟ್ಟವನು ನಾನು. ಸೊನ್ನೆ ಬಂದದ್ದು ಬಿಡಿ ಅಂದವನೂ ನಾನೇ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರಮೀಳಾಗೆ ಅದೇ ಕಷ್ಟವಾಯಿತು. ಸುಮ್ಮನಿದ್ದರೆ ಪರಿಮಳಗೆ ಒಳ್ಳೆಯದು ಎಂದು ಒಂದು ಮನಸ್ಸು ಹೇಳಿತು. ಸುಮ್ಮನಿದ್ದರೆ ನಿನಗೇ ಒಳ್ಳೆಯದು ಎಂದು ಇನ್ನೊಂದು ಹೇಳಿತು. ಎರಡು ದನಿಯೂ ಒಂದೇ ತರಹ ಕೇಳುತ್ತಿದ್ದವು.

ರಾಚಮ್ಮ ಜಗಲಿಯ ಆ ಕೊನೆಯಲ್ಲಿ ಸೊಪ್ಪಿನ ಕಡ್ಡಿ ಬೇರೆ ಮಾಡುತ್ತಾ ಕೂತಿದ್ದವಳು, ತಲೆ ಎತ್ತದೆಯೇ ಕೇಳಿದಳು. "ಏನ್ಲಾ ದೇವ, ಅದು?"

"ನಿಂಗೆ ಅರ್ಥ ಆಗಲ್ಲ ಬುಡವ್ವ. ಕಂಪ್ಯೂಟರ್ ವಿಚಾರ."

"ಕಂಪೂಟ್ರು ಅರ್ತ ಆಗಾಕಿಲ್ಲ. ಎಣ್ಣೈಕ್ಳು ಅರ್ತ ಆಯ್ತರ." ಅವಳು ಒಂದು ಕಡ್ಡಿಯನ್ನು ಪಕ್ಕಕ್ಕೆಸೆದಳು. "ಜ್ವರಕ್ಕ ಕೂತ ಉಳನ ಎಬ್ಬಿಸ್ಬಾರ್ದು, ಸರಿ ಕಣ್ಲಾ. ಎದ್ದು ಬಾಯಿ ಬುಟ್ಕೊಂಡು ಕೂತಿರಾ ಉಳಕ್ಕ ನಾಳೆ ಗೂಡು ಕಟ್ತೀಯ, ಇವತ್ತು ಸೊಪ್ಪು ಬ್ಯಾಡ ಅಂದರಾ? ತಿಂದಷ್ಟು ತಿಂದದು. ಆಕಾದು ನಿನ್ ಕೆಲ್ಸ."

ದೇವರಾಜು ತಾಯಿಯ ಕಡೆ ನೋಡಿದ.

"ಉಳ ನಾಳೆ ವತ್ತಾರೆ ಏಳ್ತವ" ಎಂದು ರಾಚಮ್ಮ ಈ ಸಲ ಪ್ರಮೀಳಾಗೆ ಹೇಳಿದಳು. "ಕಸ ತಗದು ಬ್ಯಾರೆ ಪೇಪರು ಆಕುಸ್ತೀನಿ. ಆಗ ನಿನ್ ಆಳೆ ತಕ್ಕೋ. ಇವತ್ತು ಮಾತ್ರ ತಟ್ಟೆ ಮುಟ್ಟುದ್ರೆ ಕೈ ಮುರೀತೀನಿ."

*

ಚಿಕ್ಕಬಸಮ್ಮನ ಮನೆ ಕೇರಿಯ ಎರಡನೇ ಸಾಲಿನಲ್ಲಿತ್ತು. ಸಂಜೆ ಐದರ ಹೊತ್ತಿಗೆ ಪ್ರಮೀಳಾ ಹೋದಾಗ ತಾಯಿ ರಾಗಿ ಕೇರುತ್ತಿದ್ದಳು. ಮಗಳು ಬಾಗಿಲಲ್ಲಿ ಕೂತು, ಅರ್ಧಕ್ಕರ್ಧ ತೆಳ್ಳಗಾಗಿದ್ದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು.

"ಬಾ ಅಕ್ಕ. ಕೇಳು ಯಾವುದಾದ್ರೂ. ಎಂಟು ಪಾಠ ಬಾಯಿಗೆ ಬಂದದೆ."

ಪ್ರಮೀಳಾ ಕೂರಲಿಲ್ಲ. ಕೂತರೆ ಹೇಳಲು ಆಗುವುದಿಲ್ಲ ಅನಿಸಿತು. ನಿಂತೇ ಹೇಳಿದಳು. ಡಿಸೆಂಬರಿನಲ್ಲಿ ನಿಲ್ಲಿಸಿದ್ದು, ಮತ್ತೆ ಶುರುಮಾಡದೆ ಬಿಟ್ಟದ್ದು, ಮೂರು ವರ್ಷದ ಪತ್ರಿಕೆಯನ್ನು ಕಂಪ್ಯೂಟರ್ ಓದಿಯೇ ಇಲ್ಲದ್ದು, ಸೊನ್ನೆ ಎಂದದ್ದೆಲ್ಲ ಸೊನ್ನೆಯಲ್ಲದ್ದು. ಕೈಯಲ್ಲಿದ್ದ ಗೀಟು ಹಾಕಿದ ಹಾಳೆಯನ್ನು ಮುಂದೆ ಚಾಚಿದಳು.

ಪರಿಮಳ ಹಾಳೆ ತೆಗೆದುಕೊಂಡು ನೋಡಿದಳು. ಕಿತ್ತ ಹಾಳೆಗಳ ಜಾಗದಲ್ಲಿ ಉಳಿದಿದ್ದ ದಾರವನ್ನು ಬೆರಳಿನಿಂದ ಎಳೆಯುತ್ತಾ ಕೂತಳು.

ಚಿಕ್ಕಬಸಮ್ಮ ಮೊರ ಕೆಳಗಿಟ್ಟಳು.

"ಅಂದ್ರ, ಅದು ಓದಿರ್ನಿಲ್ವಾ?"

"ಓದಿರ್ನಿಲ್ಲ ಅತ್ತೆ."

"ಓದ್ದೆ ಇದ್ದದ್ದು, ಇಲ್ಲ ಅಂತ ಎಂಗ್ ಯೋಳ್ತು? ನಂಗೊತ್ತಿಲ್ಲ ಅನ್ಬೇಕಿತ್ತಲ್ಲ?"

ಬೆಳಗಿನಿಂದ ಪ್ರಮೀಳಾ ಯೋಚಿಸಿದ್ದರಲ್ಲೆಲ್ಲ ಈ ಪ್ರಶ್ನೆ ಬಂದಿರಲಿಲ್ಲ.

"ಅದಕ್ಕ ಅಷ್ಟು ಗ್ಯಾನ ಇಲ್ಲ ಅತ್ತೆ. ನಾನು ನೋಡ್ಬೇಕಿತ್ತು."

"ನೀ ನೋಡ್ಬೇಕಿತ್ತು." ಚಿಕ್ಕಬಸಮ್ಮನ ದನಿ ಏರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. "ಮೇಷ್ಟ್ರು ಯೋಳಿದ್ರು ಅಂತ ನನ್ ಮಗ್ಳ ಅಲ್ಗ ಕಳಿಸ್ನಿಲ್ಲ ಕಣಮ್ಮಿ ನಾನು. ಅವ್ರ ಜಗ್ಲಿ ಮೇಕ ನಾವು ಯಾವತ್ತು ಕೂತಿದ್ದೊ? ನಮ್ ಕೇರಿ ಎಣ್ಣು ಅಲ್ಲಿ ಕುರ್ಚಿ ಮೇಲೆ ಕೂತದ ಅಂತ ಕಳಿಸ್ದಿ. ನೀ ಯೋಳುದ್ದ ಗ್ರಂಥ ಅನ್ಕೊಂಡು ಆಳೆ ಕಿತ್ಲು ಇವ್ಳು. ನಾನು ಅದ್ರ ಮೇಲೆ ಉಳ ಬುಟ್ಟು ಮೇಸ್ದಿ."

"ಅವ್ವ, ಸುಮ್ನಿರು" ಎಂದಳು ಪರಿಮಳ.

"ಯಾಕ ಸುಮ್ನಿರಾದು? ಮುರ್ಗನ್ ವ್ಯಾನು ಬಂದಾಗ ಇವ್ಳ ಕಂಪೂಟ್ರು ಅದ್ರೊಳಕ ಅತ್ತದಾ?"

ಪಕ್ಕದ ಮನೆಯ ಬಾಗಿಲಲ್ಲಿ ಎರಡು ಮುಖ ಕಂಡವು. ಪ್ರಮೀಳಾ ತಲೆ ಬಗ್ಗಿಸಿ ನಿಂತೇ ಇದ್ದಳು. ಇವತ್ತು ರಾತ್ರಿಯೊಳಗೆ ಕೇರಿಗೆಲ್ಲ ಗೊತ್ತಾಗುತ್ತದೆ, ನಾಳೆ ಅಪ್ಪ ಶಿವಮಲ್ಲುವಿಗೆ ಹೊಲದಲ್ಲಿ ಯಾರಾದರೂ ಆಡಿಯೇ ಆಡುತ್ತಾರೆ ಎಂದು ಅವಳಿಗೆ ತಿಳಿದಿತ್ತು.

ಪರಿಮಳ ಹಾಳೆಯನ್ನು ನಾಲ್ಕಾಗಿ ಮಡಿಸಿ ಪುಸ್ತಕದಲ್ಲಿಟ್ಟಳು. "ಆಳೆ ಯಾವಾಗ ಸಿಕ್ತವೆ ಅಕ್ಕ?" ಎಂದಷ್ಟೇ ಕೇಳಿದಳು.

*

ಭಾನುವಾರ ಬೆಳಿಗ್ಗೆ ಹುಳ ಎದ್ದವು. ರಾಚಮ್ಮ ಹೊಸ ಸೊಪ್ಪು ಹಾಕಿಸಿ, ಹುಳ ಮೇಲೆ ಹತ್ತಿದ ಮೇಲೆ ಅಡಿಯ ಕಸ ತೆಗೆಸಿದಳು. ಹಾಳೆಗಳು ಸುಣ್ಣ ಮೆತ್ತಿ, ಹಿಕ್ಕೆ ಅಂಟಿ, ಸೊಪ್ಪಿನ ಹಸಿಗೆ ಉಬ್ಬಿಕೊಂಡು ಬಂದವು. ಚಿಕ್ಕಬಸಮ್ಮ ಪ್ರಮೀಳಾಳ ಜೊತೆ ಒಂದು ಮಾತೂ ಆಡದೆ, ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹರಡಿ ಕಲ್ಲು ಹೇರಿದಳು. ಮೂತ್ರಪಿಂಡದ ಹಾಳೆ ಎತ್ತುವಾಗಲೇ ಹರಿದು, ಚಿತ್ರದ ಅರ್ಧ ತಟ್ಟೆಗೇ ಅಂಟಿಕೊಂಡಿತು. ಪ್ರಮೀಳಾ ನೆನಪಿನಿಂದ ಅದನ್ನು ಬೇರೆ ಕಾಗದದಲ್ಲಿ ಬರೆದು ಕೊಟ್ಟಳು.

ದೇವರಾಜು ಎಂಟು ಗಂಟೆಗೇ ಮೊಪೆಡ್ಡು ಹೊರತೆಗೆದಿದ್ದ. ಯಾರಿಗೂ ಏನೂ ಹೇಳದೆ, ಪ್ರಮೀಳಾ ಬರೆದ ಪಟ್ಟಿಯ ಇನ್ನೊಂದು ಪ್ರತಿಯನ್ನು ಜೇಬಿಗಿಟ್ಟುಕೊಂಡು ಉಳಿದ ಆರು ಮಕ್ಕಳ ಮನೆಗೆ ಹೊರಟ. ಒಬ್ಬ ಹುಡುಗನ ಮನೆ ತಾಳಮಲೆಯಲ್ಲಿ. ಕಾಡಿನ ದಾರಿ. ಸಂಜೆ ಬರುವಾಗ ಮುಖವೆಲ್ಲ ಧೂಳು.

ಪರಿಮಳ ಇಡೀ ದಿನ ಹುಳದ ಮನೆಯ ಹೊರಗೋಡೆಗೆ ಒರಗಿ ಕೂತು ಓದಿದಳು. ಪ್ರಮೀಳಾ ಪ್ರಶ್ನೆ ಕೇಳಿದಳು. ಒಳಗೆ ಕರೆಂಟು ಇದ್ದಾಗಲೆಲ್ಲ ಕಂಪ್ಯೂಟರ್ ಏದುಸಿರು ಬಿಟ್ಟು ಓದಿಕೊಳ್ಳುತ್ತಿತ್ತು, ಕರೆಂಟು ಹೋದಾಗ ನಿಲ್ಲುತ್ತಿತ್ತು. ಅದರ ಕೆಲಸ ಮುಗಿದದ್ದು ಮಂಗಳವಾರ. ಸಮಾಜದ ಪರೀಕ್ಷೆಗೆ ಉಪಯೋಗಕ್ಕೆ ಬಂತು, ವಿಜ್ಞಾನಕ್ಕಲ್ಲ.

ಸೋಮವಾರ ಸಂಜೆ ತಾಳವಾಡಿಯ ಬಸ್ಸಿನಿಂದ ಇಳಿದ ಪರಿಮಳ ಪ್ರಶ್ನೆಪತ್ರಿಕೆಯನ್ನು ಪ್ರಮೀಳಾಳ ಕೈಗೆ ಕೊಟ್ಟಳು. ಮಸೂರ ಬಂದಿತ್ತು. ಕಾಂತ ಬಂದಿತ್ತು. ಮೂತ್ರಪಿಂಡದ ಚಿತ್ರ ಬಂದಿರಲಿಲ್ಲ.

"ಮಸೂರ ಅರ್ಧ ಬರ್ದೆ ಅಕ್ಕ. ಕಾಂತದ್ದು ಓದಿದ್ದೆ, ಕಣ್ ಮುಂದೆ ಆಳೆ ಕಾಣ್ತಿತ್ತು. ಸುಣ್ಣ ಮೆತ್ತಿದ್ದ ಜಾಗ ಮಾತ್ರ ಕಾಣ್ನಿಲ್ಲ."

*

ಮೇ ಕೊನೆಯಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ನಲವತ್ತೆರಡು, ಸಮಾಜದಲ್ಲಿ ಐವತ್ತೆಂಟು. ವಿಜ್ಞಾನದಲ್ಲಿ ಮೂವತ್ತೊಂದು, ಪಾಸಿಗೆ ನಾಲ್ಕು ಕಡಿಮೆ. ಉಳಿದ ಆರು ಮಕ್ಕಳೂ ಪಾಸು.

"ನೋಡು, ಹೇಳಿದ್ದಕ್ಕೆ ಏನು ಪ್ರಯೋಜನ ಆಯ್ತು" ಎಂದ ದೇವರಾಜು. ಚುಚ್ಚುವುದಕ್ಕಲ್ಲ, ಅವನಿಗೂ ನೋವಾಗಿತ್ತು. ಪ್ರಮೀಳಾಗೂ ಅದೇ ಯೋಚನೆ. ಹೇಳದೆ ಇದ್ದಿದ್ದರೆ, ಗಾಬರಿಯಾಗದೆ, ಬರುವುದನ್ನಾದರೂ ಚೆನ್ನಾಗಿ ಬರೆದು ಮೂವತ್ತೈದು ದಾಟುತ್ತಿದ್ದಳೇನೋ. ಅದನ್ನು ಯಾವ ಕಂಪ್ಯೂಟರಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಜೂನ್ ಎರಡನೇ ತಾರೀಖು ಬೆಳಿಗ್ಗೆ ಮುರುಗನ್ನನ ವ್ಯಾನು ಕೇರಿಯ ಬಾಯಲ್ಲಿ ನಿಂತಿತು. ಒಳಗೆ ಆಗಲೇ ನಾಲ್ಕು ಹುಡುಗಿಯರಿದ್ದರು, ಮಡಿಲಲ್ಲಿ ಬಟ್ಟೆಯ ಚೀಲ. ಪ್ರಮೀಳಾ ಕೆಲಸಕ್ಕೆ ಹೊರಟವಳು ನೀರಿನ ಟ್ಯಾಂಕಿನ ಹತ್ತಿರ ನಿಂತುಬಿಟ್ಟಳು. ಎರಡು ತಿಂಗಳಿಂದ ಚಿಕ್ಕಬಸಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು.

"ಎನ್ನಮ್ಮಾ, ಪಾಸಾ ಫೇಲಾ?" ಎಂದ ಮುರುಗನ್, ನಗುತ್ತಾ. ಅವನಿಗೆ ಮೊದಲೇ ಗೊತ್ತಿತ್ತು.

"ಒಂದ್ರಲ್ಲಿ ಓಯ್ತು" ಎಂದಳು ಚಿಕ್ಕಬಸಮ್ಮ.

"ಅಪ್ಪುರಂ, ಮತ್ತಿನ್ನೇನು? ಬಟ್ಟೆ ಎತ್ಕೊಳ್ಳಾಕೆ ಹೇಳು. ಘಾಟಿ ಇಳಿಯೋಷ್ಟ್ರಲ್ಲಿ ಬಿಸಿಲಾಗತದೆ."

ಚಿಕ್ಕಬಸಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಓಗಿದ್ದು ನನ್ ಮಗಳದಲ್ಲ ಕಣಪ್ಪ."

"ಮತ್ತೆ?"

"ಅಗಾ, ಅಲ್ಲಿ ನಿಂತದಲ್ಲ ಟ್ಯಾಂಕಿನ್ ತಾವು, ಅವ್ಳದು. ಅವ್ಳು ಫೇಲಾಗವ್ಳ. ಬೇಕಾದ್ರ ಅವ್ಳ ಕರ್ಕೊಂಡೋಗು, ಬತ್ತೀಯಾ ಅಂತ ಕೇಳು."

ಮುರುಗನ್ ತಿರುಗಿ ನೋಡಿದ. ಪ್ರಮೀಳಾಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಮಾತು ಕೊಟ್ಟಿದ್ಯಲ್ಲಮ್ಮಾ ನೀನು."

"ಕೊಟ್ಟಿದ್ದಿ. ಓದ್ದೆ ಫೇಲಾದ್ರ ಅಂತ ಕೊಟ್ಟಿದ್ದಿ. ಇವ್ಳು ಓದಿದ್ಲು. ಓದ್ಬ್ಯಾಡ ಅಂತ ತಪ್ಪಾಗಿ ಯೋಳ್ಕೊಟ್ರು. ಯೋಳ್ಕೊಟ್ಟೋಳೇ ಬಂದು ನನ್ ಮನೆ ಬಾಗ್ಲಲ್ಲಿ ನಿಂತು, ಕೇರಿ ಜನ ಕೇಳಂಗ ಒಪ್ಕೊಂಡವ್ಳ. ಇಲ್ದಿದ್ರ ನಾನೂ ಇವ್ಳ ದಡ್ಡಿ ಅಂತ ಬೋದು, ಚೀಲ ಕಟ್ಟಿ ಅತ್ತಿಸ್ಬುಡ್ತಿದ್ದಿ ನಿನ್ ವ್ಯಾನ್ಗ." ಅವಳು ಉಸಿರೆಳೆದುಕೊಂಡಳು. "ಈ ತಿಂಗ್ಳ ಕಡೇಲಿ ಆ ಒಂದೇ ಪರೀಕ್ಸೆ ತಿರ್ಗ ಅದಂತ. ಅದ್ರಲ್ಲೂ ಫೇಲಾದ್ರ, ಆಗ ಬಾ."

"ಆಗ ಸೀಟು ಇರುತ್ತೋ ಇಲ್ವೋ."

"ಇರ್ದಿದ್ರ ಕೂಲಿ ಅದ."

ವ್ಯಾನು ಹೊರಟಿತು. ಕಿಟಕಿಯಲ್ಲಿದ್ದ ಹುಡುಗಿಯೊಬ್ಬಳು ತಿರುವಿನವರೆಗೂ ಹಿಂದಕ್ಕೆ ನೋಡುತ್ತಿದ್ದಳು.

ಚಿಕ್ಕಬಸಮ್ಮ ಟ್ಯಾಂಕಿನ ಹತ್ತಿರ ಬಂದು ಕೊಡ ಇಟ್ಟಳು. ನೀರು ತುಂಬುವವರೆಗೂ ಪ್ರಮೀಳಾಳ ಮುಖ ನೋಡಲಿಲ್ಲ. ತುಂಬಿದ ಮೇಲೆ ಹೇಳಿದಳು. "ಇಪ್ಪತ್ತೈದು ದಿವ್ಸ ಅದ ಅಮ್ಮಿ. ಈ ಸಲನೂ ಜ್ವರಕ್ಕ ಕೂತ್ಕೊಂಡಿಯಾ ಮತ್ತೆ."

ಸಂಜೆ ಪರಿಮಳ ಮುಂದಿನ ಕೋಣೆಗೆ ಬಂದಳು. ಪುಸ್ತಕ ಮತ್ತೆ ದಪ್ಪಗಾಗಿತ್ತು. ಸುಣ್ಣದ ಹಾಳೆಗಳನ್ನು ಅವುಗಳ ಜಾಗದಲ್ಲೇ ಇಟ್ಟು, ಗೋಣಿ ಹೊಲಿಯುವ ದಾರದಿಂದ ಹೊಲಿದಿದ್ದಳು. ಮೂಲೆಯಲ್ಲಿ ಹಸಿರು ಚುಕ್ಕೆ ನಿಂತಿತ್ತು. ಓದಲು ಇನ್ನೇನೂ ಬಾಕಿ ಇರಲಿಲ್ಲ. ಪ್ರಮೀಳಾ ಅಭ್ಯಾಸಬಲದಿಂದ ಪಾಠದ ಹೆಸರು ಹೊಡೆಯಲು ಕೈ ಇಟ್ಟಳು.

"ಅದ್ನ ಏನೂ ಕೇಳ್ಬ್ಯಾಡ ಅಕ್ಕ" ಎಂದಳು ಪರಿಮಳ. ಪುಸ್ತಕವನ್ನು ಅವಳ ಕೈಗೆ ಕೊಟ್ಟು, ಎದುರಿಗೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. "ನನ್ನ ಕೇಳು. ಮೊದಲ್ನೇ ಪಾಠದಿಂದ."